ಕೆಲಸವಿಲ್ಲದಾಗ ಬದುಕಿದ ಕಂಪನಿ ಕೆಲಸ ತುಂಬಿದ ಮೇಲೆ ಮುಚ್ಚಿತು, ಯಾಕೆ?

ತೂಗುಗುಂಡು:
ಎಲ್ಲರಿಗೂ ನಮಸ್ಕಾರ. ಹದಿನಾಲ್ಕು ವರ್ಷ ಒಂದೇ ಕಟ್ಟಡ ಕಂಪನಿಯಲ್ಲಿ ಸೈಟ್ ಎಂಜಿನಿಯರ್ ಆಗಿದ್ದೆ. ಆ ಕಂಪನಿ ಈಗಿಲ್ಲ. ಅದು ಮುಚ್ಚಿದ ರೀತಿ ನನಗೆ ಇವತ್ತಿಗೂ ತಲೆಗೆ ಹತ್ತಿಲ್ಲ, ಅದಕ್ಕೇ ಇಲ್ಲಿ ಕೇಳ್ತಿದ್ದೇನೆ.

ಮಾರುಕಟ್ಟೆ ಬಿದ್ದಾಗ ಮೂರು ವರ್ಷ ನಮಗೆ ಸರಿಯಾಗಿ ಕೆಲಸವೇ ಇರಲಿಲ್ಲ. ಅರ್ಧ ಜನರನ್ನು ಮನೆಗೆ ಕಳಿಸಿದರು. ಉಳಿದವರಿಗೆ ಎರಡು ತಿಂಗಳಿಗೊಮ್ಮೆ ಸಂಬಳ. ಆಫೀಸಿನ ಒಂದು ಮಹಡಿ ಬಿಟ್ಟುಕೊಟ್ಟರು. ಆದರೂ ಬದುಕಿದೆವು. ಆಮೇಲೆ ಬಡ್ಡಿ ಇಳಿಯಿತು, ಟೆಂಡರ್‌ಗಳು ಬಂದವು, ಒಂದೇ ವರ್ಷದಲ್ಲಿ ಮೂರು ದೊಡ್ಡ ಕೆಲಸ ಸಿಕ್ಕವು. ಬಿಟ್ಟುಹೋದವರಿಗೆಲ್ಲ ಮಾಲೀಕರೇ ಫೋನ್ ಮಾಡಿ ವಾಪಸ್ ಕರೆದರು. ಅಲ್ಲಿಂದ ಹದಿನೆಂಟು ತಿಂಗಳಿಗೆ ಬಾಗಿಲು ಬಂದ್. ಮೂರು ಸೈಟಲ್ಲೂ ಕೆಲಸ ನಡೀತಿತ್ತು. ಒಂದರಲ್ಲಿ ನಾಲ್ಕನೇ ಸ್ಲ್ಯಾಬಿಗೆ ಕಬ್ಬಿಣ ಕಟ್ಟಿ ಮುಗಿಸಿ, ಬೆಳಿಗ್ಗೆ ಆರಕ್ಕೆ ಕಾಂಕ್ರೀಟ್ ಲಾರಿಗೆ ಕಾಯ್ತಾ ನಿಂತಿದ್ದೆವು. ಲಾರಿ ಬರಲೇ ಇಲ್ಲ. ಹಳೇ ಬಾಕಿ ಕೊಡದೆ ಕಳಿಸಲ್ಲ ಅಂದಿದ್ದರಂತೆ.

ಇನ್ನೊಂದು ವಿಚಿತ್ರ. ಕೆಟ್ಟ ಕಾಲದಲ್ಲಿ ಕೆಲಸ ಕಳೆದುಕೊಂಡ ನಾಲ್ವರು ಆಗಲೇ ಸ್ವಂತ ಕಂಪನಿ ತೆರೆದರು. ಅವರಲ್ಲಿ ಇಬ್ಬರು ಈಗಲೂ ಇದ್ದಾರೆ. ಒಳ್ಳೆ ಕಾಲದಲ್ಲಿ ತೆರೀತಾರೆ, ಕೆಟ್ಟ ಕಾಲದಲ್ಲಿ ಮುಚ್ತಾರೆ ಅನ್ನೋ ಮಾತು ಹೀಗೆ ನನ್ನ ಕಣ್ಣೆದುರೇ ಎರಡು ಸಲ ತಲೆಕೆಳಗಾಯಿತು. ಈಗ ನಾನೂ ಸ್ವಂತಕ್ಕೆ ಇಳಿಯೋ ಯೋಚನೆಯಲ್ಲಿದ್ದೇನೆ. ಬಡ್ಡಿ ಇಳಿಯೋವರೆಗೆ ಕಾಯಿ ಅಂತಾರೆ ಕೆಲವರು. ಕಾಯೋದರಲ್ಲಿ ಅರ್ಥ ಇದೆಯಾ?

ಸುಮ್ನೆ_ಓದುವವ:
ಮಾಲೀಕರು ದುಡ್ಡು ಬೇರೆ ಕಡೆ ಸಾಗಿಸಿರಬೇಕು. ಮೂರು ಕೆಲಸ ಕೈಲಿಟ್ಟುಕೊಂಡು ಯಾರಾದ್ರೂ ಮುಳುಗ್ತಾರಾ?

ಲೆಕ್ಕದಮ್ಮ:
ಮುಳುಗ್ತಾರೆ. ಕಟ್ಟಡ ಕಂಪನಿಗಳ ಲೆಕ್ಕ ಬರೆಯೋಕೆ ಶುರು ಮಾಡಿ ಇಪ್ಪತ್ತೆರಡು ವರ್ಷ ಆಯ್ತು. ಕೆಲಸ ಇಲ್ಲದೆ ಸತ್ತ ಕಂಪನಿಗಳಿಗಿಂತ ಕೆಲಸ ಜಾಸ್ತಿಯಾಗಿ ಸತ್ತ ಕಂಪನಿಗಳ ಫೈಲೇ ನನ್ನ ಕಪಾಟಲ್ಲಿ ಹೆಚ್ಚು. ಕಳ್ಳತನ ಇಲ್ಲದೆಯೂ ಇದು ಆಗುತ್ತೆ. ಒಂದು ಲೆಕ್ಕ ಹಾಕ್ತೀನಿ, ತಾಳ್ಮೆಯಿಂದ ಓದಿ.

ಒಂದು ಕೆಲಸದ ಮೊತ್ತ 100 ಅಂದ್ಕೊಳ್ಳಿ. ಹತ್ತು ತಿಂಗಳ ಕೆಲಸ, ತಿಂಗಳಿಗೆ 10. ಲಾಭ 5 ಅಂದ್ರೆ ತಿಂಗಳ ಖರ್ಚು 9.5. ತಿಂಗಳ ಕೊನೆಗೆ ಬಿಲ್ ಹಾಕ್ತೀರಿ. ಅಳತೆ ನೋಡ್ಬೇಕು, ಸಹಿ ಆಗ್ಬೇಕು, ಒಂದು ಆಕ್ಷೇಪ ಬರುತ್ತೆ, ಮತ್ತೆ ಸಹಿ. ಹಣ ಬರೋಕೆ 60 ದಿನ. ಅಷ್ಟರಲ್ಲಿ ಮೂರು ತಿಂಗಳ ಖರ್ಚು 28.5 ನಿಮ್ಮ ಕೈಯಿಂದ ಹೋಗಿರುತ್ತೆ. ಸಿಮೆಂಟು, ಕಬ್ಬಿಣದವರು ಒಂದು ತಿಂಗಳು ಉದ್ರಿ ಕೊಟ್ರು ಅಂತಿಟ್ಕೊಂಡರೂ 24ರ ಆಸುಪಾಸು. ಕೊನೆಗೆ ಮೊದಲ ಬಿಲ್ 10 ಬರ್ಬೇಕು. ಕೆಲಸದಲ್ಲಿ ದೋಷ ಕಂಡ್ರೆ ಇರಲಿ ಅಂತ, ರಿಟೆನ್ಷನ್ ಹೆಸರಲ್ಲಿ ನೂರಕ್ಕೆ 10 ಹಿಡಿದು 9 ಕೊಡ್ತಾರೆ. (ಕೆಲವು ಕಡೆ 5 ಹಿಡೀತಾರೆ, ಅವರು ಪುಣ್ಯವಂತರು.) ಆ ತಿಂಗಳ ನಿಮ್ಮ ಖರ್ಚು 9.5. ಬಿಲ್ಲಿನ ಹಣ ಬರೋಕೆ ಶುರುವಾದ ಮೇಲೂ ತಿಂಗಳಿಗೆ ಅರ್ಧರ್ಧ ಕೈಯಿಂದ ಹೋಗ್ತಾನೇ ಇರುತ್ತೆ.

ಕೆಲಸ ಮುಗಿದು ಕೊನೆಯ ತಿಂಗಳ ಬಿಲ್ಲಿನ ಹಣವೂ ಬಂದ ಮೇಲೆ ನೋಡಿದ್ರೆ ಖರ್ಚಾದದ್ದು 95, ಬಿಲ್ಲುಗಳಿಂದ ಬಂದದ್ದು 90. ಕಟ್ಟಡ ಒಪ್ಪಿಸಿದ ದಿನ ರಿಟೆನ್ಷನ್‌ನ ಅರ್ಧ ಬಿಡ್ತಾರೆ, ಆಗ ಸರಿಗೆ ಸರಿ. ನಿಮ್ಮ ಲಾಭದ 5 ಎಲ್ಲಿದೆ? ಕೆಲಸ ಕೊಟ್ಟವರ ಹತ್ರಾನೇ ಇದೆ. ಒಂದು ವರ್ಷ ಸೋರಿಕೆ, ಬಿರುಕು ಏನೂ ಕಾಣಿಸದಿದ್ರೆ ಬರುತ್ತೆ.

ಒಂದು ಕೆಲಸಕ್ಕೆ 24 ಬೇಕು. ಮೂರು ಒಟ್ಟಿಗೆ ಶುರುವಾದ್ರೆ 70 ದಾಟುತ್ತೆ. ಮೂರು ವರ್ಷ ಖಾಲಿ ಕೂತ ಕಂಪನಿ ಹತ್ರ 70 ಎಲ್ಲಿಂದ ಬರ್ಬೇಕು? ಇನ್ನೊಂದು ಕಡೆಯಿಂದ ನೋಡಿ. ಕೆಲಸ ಕಮ್ಮಿಯಾಗ್ತಾ ಹೋದಾಗ ಹಳೇ ಬಿಲ್ಲು, ಹಳೇ ರಿಟೆನ್ಷನ್ ಒಂದೊಂದೇ ವಾಪಸ್ ಬರ್ತಾ ಇರುತ್ತೆ, ಹೊಸ ಖರ್ಚು ಇರಲ್ಲ. ಹಾಗಾಗಿ ಕೆಟ್ಟ ಕಾಲದ ಮೊದಲ ವರ್ಷ ಬ್ಯಾಂಕ್ ಪಾಸ್‌ಬುಕ್ ಚೆನ್ನಾಗಿಯೇ ಕಾಣುತ್ತೆ. ಅದನ್ನ ನೋಡಿ ಮೋಸ ಹೋದವರನ್ನೂ ಕಂಡಿದ್ದೀನಿ.

ತೂಗುಗುಂಡು:
ಮೇಡಂ, ಇಷ್ಟು ವರ್ಷ ಸೈಟಲ್ಲಿ ನಿಂತು ಬಿಲ್ಲಿಗೆ ಅಳತೆ ಬರೆದುಕೊಟ್ಟವನು ನಾನೇ. ಅದು ಎಷ್ಟು ದಿನಕ್ಕೆ ಹಣ ಆಗುತ್ತೆ ಅಂತ ಒಂದು ದಿನವೂ ಕೇಳಿರಲಿಲ್ಲ. ಅಳತೆ ಪುಸ್ತಕ ಒಂದು ವಾರ ತಡ ಮಾಡಿ ಕಳಿಸಿದ್ದೂ ಉಂಟು.

ಲೆಕ್ಕದಮ್ಮ:
ಆ ಒಂದು ವಾರಕ್ಕೆ ಬಡ್ಡಿ ಕಟ್ಟಿದವರು ನಿಮ್ಮ ಮಾಲೀಕರು. ಬೇಜಾರು ಮಾಡ್ಕೋಬೇಡಿ.

ಅರ್ಧಶಾಸ್ತ್ರಿ:
ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುತ್ತೇನೆ (ಹೆಸರಿನ ಬಗ್ಗೆ ಯಾರೂ ಕೇಳಬೇಡಿ). ಮೇಡಂ ಒಳಗಿನ ಲೆಕ್ಕ ಹೇಳಿದರು, ನಾನು ಹೊರಗಿನದು ಹೇಳುತ್ತೇನೆ.

ಕಟ್ಟಡ ಉದ್ಯಮ ದೇಶದ ಆರ್ಥಿಕತೆಗಿಂತ ಜೋರಾಗಿ ಏಕೆ ತೂಗಾಡುತ್ತದೆ ಎಂಬುದಕ್ಕೆ ಸುಲಭವಾದ ಲೆಕ್ಕವಿದೆ. ಒಂದು ಸಮಾಜದಲ್ಲಿ 100 ಕಟ್ಟಡಗಳಿವೆ. ವರ್ಷಕ್ಕೆ 2 ಹಳತಾಗಿ ಬೀಳುತ್ತವೆ, ಅವನ್ನು ಮತ್ತೆ ಕಟ್ಟಬೇಕು. ಬೇಡಿಕೆ ನೂರಕ್ಕೆ 2ರಂತೆ ಬೆಳೆದರೆ ಇನ್ನೆರಡು. ಒಟ್ಟು 4 ಕಟ್ಟಡದ ಕೆಲಸ. ಬೆಳವಣಿಗೆ 2ರಿಂದ 1ಕ್ಕೆ ಇಳಿಯಿತು ಎನ್ನಿ. ಆರ್ಥಿಕತೆ ಕುಗ್ಗಿಲ್ಲ, ನಿಧಾನವಾಯಿತಷ್ಟೆ. ಆದರೆ ಕಟ್ಟುವವರ ಕೆಲಸ 4ರಿಂದ 3ಕ್ಕೆ ಬಂತು, ಕಾಲುಭಾಗ ಹೋಯಿತು. ಬೆಳವಣಿಗೆ ನಿಂತರೆ ಅರ್ಧ ಕೆಲಸವೇ ಇಲ್ಲ. ಉಳಿದವರಿಗೆ ನೆಗಡಿಯಾದರೆ ನಮಗೆ ನ್ಯುಮೋನಿಯಾ.

ಅಮೆರಿಕದಲ್ಲಿ 2005ರಲ್ಲಿ 20 ಲಕ್ಷಕ್ಕೂ ಹೆಚ್ಚು ಹೊಸ ಮನೆಗಳಿಗೆ ಪಾಯ ಬಿತ್ತು. 2009ರಲ್ಲಿ ಸುಮಾರು ಐದೂವರೆ ಲಕ್ಷ. ಕಟ್ಟಡ ವಲಯದ ಉದ್ಯೋಗ 2006ರಲ್ಲಿ 77 ಲಕ್ಷದ ಹತ್ತಿರ ಇದ್ದದ್ದು 2011ರ ಆರಂಭಕ್ಕೆ ಸುಮಾರು 54 ಲಕ್ಷ. ಅದೇ ಅವಧಿಯಲ್ಲಿ ಇಡೀ ಆರ್ಥಿಕತೆ ಕುಗ್ಗಿದ್ದು ನೂರಕ್ಕೆ ನಾಲ್ಕರ ಆಸುಪಾಸು ಮಾತ್ರ.

ಸೆಂಟ್ರಿಂಗ್_ರಾಜ:
ಸಾರ್, ಆ 23 ಲಕ್ಷ ಜನ ಎಲ್ಲಿಗ್ ಹೋದ್ರು ಅಂತ ನಿಮ್ಮ ಪುಸ್ತಕದಲ್ಲಿ ಇದೆಯಾ? ಅವರಲ್ಲಿ ಒಂದಷ್ಟು ಜನ "ಮಾಲೀಕರು" ಆಗಿರ್ತಾರೆ. ನಾನು ಆದ ಹಾಗೆ.

ನನ್ನ ಕಥೆ ಕೇಳಿ. ನಾನು ಫೋರ್‌ಮನ್. ಕಂಪನಿಗೆ ಕೆಲಸ ಇಲ್ಲ, ನಾಲ್ಕು ತಿಂಗಳ ಕೂಲಿ ಬಾಕಿ. ಒಂದಿನ ಕರೆದು, ದುಡ್ಡು ಆಗಲ್ಲಪ್ಪ, ಯಾರ್ಡಲ್ಲಿರೋ ಸೆಂಟ್ರಿಂಗ್ ಶೀಟು, ಜಾಕಿ (ಸ್ಲ್ಯಾಬ್ ಹಾಕೋವಾಗ ಅಡಿಗೆ ಕೊಡೋವು) ತಗೊಂಡ್ ಹೋಗು, ಬಾಕಿ ಚುಕ್ತಾ ಅಂದ್ರು. ಎರಡು ಲೋಡ್ ಆಯ್ತು. ಮನೆ ಮುಂದೆ ಇಳಿಸಿ, ಮಳೆ ಬರುತ್ತೆ ಅಂತ ಟಾರ್ಪಾಲ್ ಹೊದಿಸಿ, ರಾತ್ರಿಯೆಲ್ಲ ಅದನ್ನೇ ನೋಡ್ಕೊಂಡ್ ಕೂತಿದ್ದೆ. ಬೆಳಗ್ಗೆ ಎದ್ದಾಗ ನಾನು ಸೆಂಟ್ರಿಂಗ್ ಕಾಂಟ್ರಾಕ್ಟರ್. ಶೀಟಿನ ಮೇಲೆ ಹಳೇ ಕಂಪನಿ ಹೆಸರು ಕೆಂಪು ಪೇಂಟಲ್ಲಿತ್ತು, ಥಿನ್ನರ್ ಹಾಕಿ ಉಜ್ಜಿದ್ರೂ ಹೋಗ್ಲಿಲ್ಲ. ಎರಡು ವರ್ಷ ಅವರ ಹೆಸರಿನ ಶೀಟಲ್ಲೇ ಸ್ಲ್ಯಾಬ್ ಹಾಕಿದೀನಿ.

ಯಾರಾದ್ರೂ ಲೆಕ್ಕ ಬರ್ಕೊಳ್ಳೋರು ಬಂದಿದ್ರೆ ಆ ವರ್ಷ "ಹೊಸ ಉದ್ಯಮ ಒಂದು" ಅಂತ ಬರ್ಕೋತಿದ್ರು. ಧೈರ್ಯ ಮಾಡಿ ತೆರೆದದ್ದಲ್ಲ ಸಾರ್, ಬೇರೆ ದಾರಿ ಇಲ್ದೆ ತೆರೆದದ್ದು.

ಅರ್ಧಶಾಸ್ತ್ರಿ:
ರಾಜಣ್ಣ, ಪುಸ್ತಕದಲ್ಲಿದೆ, ಆದರೆ ನೀವು ಹೇಳಿದಷ್ಟು ಚೆನ್ನಾಗಿಲ್ಲ. ಅವಕಾಶ ಕಂಡು ತೆರೆಯುವವರು ಬೇರೆ, ಗತಿಯಿಲ್ಲದೆ ತೆರೆಯುವವರು ಬೇರೆ ಎಂದು ನಾವು ವಿಂಗಡಿಸುತ್ತೇವೆ. ಒಳ್ಳೆ ಕಾಲದಲ್ಲಿ ಮೊದಲನೆಯವರು ಹೆಚ್ಚು, ಕೆಟ್ಟ ಕಾಲದಲ್ಲಿ ಎರಡನೆಯವರು. ಎರಡನ್ನೂ ಕೂಡಿಸಿ ಒಂದೇ ಅಂಕಿ ಮಾಡಿದರೆ ಏನೂ ತಿಳಿಯುವುದಿಲ್ಲ.

ಇದಕ್ಕೆ ನನಗೆ ಗೊತ್ತಿರುವ ಅತಿ ಸೊಗಸಾದ ಉದಾಹರಣೆ ಜಪಾನ್. ಅಲ್ಲಿ ಕಟ್ಟಡ ಕಾಮಗಾರಿಯ ಮೇಲಿನ ಹೂಡಿಕೆ ತುದಿ ಮುಟ್ಟಿದ್ದು 1992ರಲ್ಲಿ, ಸುಮಾರು 84 ಲಕ್ಷ ಕೋಟಿ ಯೆನ್. ಆಮೇಲೆ ಅದು ಇಳಿಯುತ್ತಲೇ ಹೋಗಿ 2010ರ ಹೊತ್ತಿಗೆ ಅರ್ಧವಾಯಿತು. ಆದರೆ ಪರವಾನಗಿ ಪಡೆದ ಕಟ್ಟಡ ಕಂಪನಿಗಳ ಸಂಖ್ಯೆ ತುದಿ ಮುಟ್ಟಿದ್ದು ಯಾವಾಗ? 2000ದ ಮಾರ್ಚ್‌ನಲ್ಲಿ, 6 ಲಕ್ಷ ದಾಟಿ! ಕೆಲಸ ಎಂಟು ವರ್ಷ ಮೊದಲೇ ಇಳಿಯತೊಡಗಿತ್ತು, ಕಂಪನಿಗಳು ಮಾತ್ರ ಏರುತ್ತಲೇ ಇದ್ದವು.

ಬಡ್ಡಿಲೆಕ್ಕ:
ಆ ಎಂಟು ವರ್ಷದ ಗುಟ್ಟಲ್ಲಿ ನಮ್ಮಂಥವರದ್ದೂ ಪಾಲಿದೆ ಸಾರ್. ನಾನು ಬ್ಯಾಂಕಿನ ಸಾಲ ವಿಭಾಗದಲ್ಲಿದ್ದು ನಿವೃತ್ತನಾದವನು. ಜಪಾನಿನ ಸರ್ಕಾರ ತೊಂಬತ್ತರ ದಶಕದಲ್ಲಿ ರಸ್ತೆ, ಸೇತುವೆ ಅಂತ ಸಾರ್ವಜನಿಕ ಕಾಮಗಾರಿಗೆ ಹಣ ಸುರಿಯಿತು, ಅದು ಒಂದು ಕಾರಣ. ಬ್ಯಾಂಕುಗಳು ಕೆಟ್ಟ ಸಾಲವನ್ನು ಕೆಟ್ಟದ್ದು ಅಂತ ಬರೆಯೋಕೆ ಹೆದರಿ ಹಳೇ ಸಾಲ ತೀರಿಸೋಕೆ ಹೊಸ ಸಾಲ ಕೊಟ್ಟವು, ಅದು ಇನ್ನೊಂದು. ಕಂಪನಿ ಸತ್ತಿದೆ ಅಂತ ಇಬ್ಬರಿಗೂ ಗೊತ್ತು, ಆದರೆ ಹೆಣ ಎತ್ತಿದರೆ ಇಬ್ಬರ ಪುಸ್ತಕವೂ ಕೆಡುತ್ತೆ.

ಬಡ್ಡಿ ಬಗ್ಗೆ ಕೇಳಿದ್ರಲ್ಲ, ಹೇಳ್ತೀನಿ. ಬಡ್ಡಿ ಏರಿದರೆ ಕಟ್ಟುವವನಿಗೆ ಎರಡು ಏಟು. ಮನೆ ಕೊಳ್ಳೋನು ಸಾಲ ತೆಗೆಯೋಕೆ ಹಿಂಜರೀತಾನೆ, ಅಲ್ಲಿ ಕೆಲಸ ಹೋಯ್ತು. ಅಮ್ಮಾವ್ರು ಹೇಳಿದ ಆ 24ಕ್ಕೆ ಕಟ್ಟೋ ಬಡ್ಡಿಯೂ ಏರ್ತು, ಲಾಭ ಅಲ್ಲೇ ಹೋಯ್ತು. ಅಮೆರಿಕದಲ್ಲಿ ಹಣದುಬ್ಬರ ಮಟ್ಟ ಹಾಕೋಕೆ ಬಡ್ಡಿ ಏರಿಸಿದಾಗ, 1981ರ ಅಕ್ಟೋಬರಿನಲ್ಲಿ ಮನೆ ಸಾಲದ ಬಡ್ಡಿ ನೂರಕ್ಕೆ 18 ದಾಟಿತ್ತು. ಅಲ್ಲಿನ ಮನೆ ಕಟ್ಟೋರು ಏನು ಮಾಡಿದ್ರು ಗೊತ್ತಾ? ಗೋಡೆಗೆ ಬಳಸೋ ಮರದ ತುಂಡುಗಳನ್ನು ಕೊಯ್ದು, ಅದರ ಮೇಲೆ "ಬಡ್ಡಿ ಇಳಿಸಿ" ಅಂತ ಬರೆದು, ಅಲ್ಲಿನ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್‌ಗೆ ಅಂಚೆಯಲ್ಲಿ ಕಳಿಸಿದ್ರು. ಮನೆಗಂತೂ ಉಪಯೋಗ ಇಲ್ಲ, ಇಟ್ಕೊಳ್ಳಿ ಅಂತ.

ಆದರೆ ನನ್ನ ಅನುಭವದಲ್ಲಿ ಬಡ್ಡಿ ದರ ಕೊಲ್ಲೋದು ನಿಧಾನಕ್ಕೆ. ತಕ್ಷಣ ಕೊಲ್ಲೋದು ಓವರ್‌ಡ್ರಾಫ್ಟ್ ಮಿತಿ, ಅಂದ್ರೆ ಖಾತೆಯಲ್ಲಿ ಇರೋದಕ್ಕಿಂತ ಎಷ್ಟು ಹೆಚ್ಚು ತೆಗೆಯೋಕೆ ಬ್ಯಾಂಕು ಬಿಡುತ್ತೆ ಅನ್ನೋದು. ಮೇಲಿನಿಂದ ಸುತ್ತೋಲೆ ಬರುತ್ತೆ: ಕಟ್ಟಡ ವಲಯಕ್ಕೆ ಕೊಟ್ಟದ್ದು ಜಾಸ್ತಿಯಾಗಿದೆ, ತಗ್ಗಿಸಿ. ಚೆನ್ನಾಗಿ ನಡೀತಿರೋನು, ಕೆಟ್ಟೋನು ಅಂತ ಭೇದ ಇಲ್ಲ. ಚೆನ್ನಾಗಿ ನಡೀತಿರೋನೇ ಸಾಲ ಬೇಗ ವಾಪಸ್ ಕಟ್ತಾನೆ ಅಂತ ಅವನ ಮಿತಿಯನ್ನೇ ಮೊದಲು ಕಡಿದದ್ದೂ ಉಂಟು. ನಾನೂ ಅಂಥ ಪತ್ರಕ್ಕೆ ಸಹಿ ಹಾಕಿದ್ದೀನಿ. ಅಡ ಇಟ್ಟಿರೋದು ಸಾಮಾನ್ಯವಾಗಿ ಅವರ ಜಾಗ, ಇಲ್ಲ ಮನೆ. ಕೆಲಸ ಬಿದ್ದ ವರ್ಷವೇ ಜಾಗದ ಬೆಲೆಯೂ ಬೀಳುತ್ತೆ. ಕೊಡೆ ಬೇಕಾದ ದಿನವೇ ಕೊಡೆ ತೂತು.

ಪಾಯತೋಡು:
ಎಲ್ಲ ಓದಿದೆ. ಒಂದು ಮಾತು ಹೇಳ್ತೀನಿ, ಯಾರಿಗೂ ಇಷ್ಟ ಆಗಲ್ಲ. ಆರ್ಥಿಕತೆ, ಬಡ್ಡಿ, ಬ್ಯಾಂಕು ಅಂತ ಹೇಳ್ಕೊಂಡು ನಾವೆಲ್ಲ ನಮ್ಮ ತಪ್ಪು ಮುಚ್ಚಿಕೊಳ್ತೀವಿ. ನಾನು ಹನ್ನೊಂದು ವರ್ಷ ಕಂಪನಿ ನಡೆಸಿ ಮುಚ್ಚಿದವನು. ಗಾಳಿ ಬಂದಾಗ ತೂರಿಕೋ ಅಂದ್ರು, ತೂರಿಕೊಂಡೆ. ಒಳ್ಳೆ ವರ್ಷದಲ್ಲಿ ಬಾಡಿಗೆ ಕೊಟ್ಟು ಸಾಕಾಯ್ತು ಅಂತ ಸಾಲದಲ್ಲಿ ಸ್ವಂತ ಅಗೆಯೋ ಯಂತ್ರ ತಗೊಂಡೆ, ಒಂದಲ್ಲ ಎರಡು. ಕೆಲಸ ಇದ್ದಾಗ ಬಾಡಿಗೆಗಿಂತ ಅಗ್ಗ, ನಿಜ. ಕೆಲಸ ನಿಂತಾಗ ಬಾಡಿಗೆ ಯಂತ್ರ ವಾಪಸ್ ಹೋಗುತ್ತೆ, ಕಂತು ವಾಪಸ್ ಹೋಗಲ್ಲ.

ಆ ಕಂತು ಕಟ್ಟೋಕೆ, ಹುಡುಗರನ್ನ ಬಿಡದೆ ಇಟ್ಕೊಳ್ಳೋಕೆ, ಖರ್ಚಿಗಿಂತ ಕಮ್ಮಿಗೆ ಟೆಂಡರ್ ಹಾಕಿದೆ. ಗೊತ್ತಿದ್ದೂ ಹಾಕಿದೆ. ಮುಂಗಡ ಸಿಗುತ್ತಲ್ಲ, ಆ ಮುಂಗಡದಲ್ಲಿ ಹಿಂದಿನ ಕೆಲಸದ ಬಾಕಿ ತೀರಿಸೋದು. ಮುಂದಿನ ಕೆಲಸದ ಮುಂಗಡದಲ್ಲಿ ಇದರದ್ದು. ಹೀಗೆ ನಡೀತಾ ಇದ್ದಾಗ ಹೊರಗಿನವರಿಗೆ ಬೋರ್ಡು, ಜನ, ಲಾರಿ ಎಲ್ಲ ಕಾಣುತ್ತೆ. ಒಳಗೆ ಕಂಪನಿ ಆಗಲೇ ಸತ್ತಿತ್ತು.

ಕಾಗದದ ಮೇಲೆ ಮುಚ್ಚಿದ್ದು ಅದಾಗಿ ನಾಲ್ಕು ವರ್ಷಕ್ಕೆ. ಯಾಕಂದ್ರೆ ಮುಚ್ಚೋಕೂ ಆಗಲ್ಲ. ಮುಚ್ಚಿದ್ರೆ ರಿಟೆನ್ಷನ್ ಕೊಡಲ್ಲ, ನಮ್ಮ ಪರ ಬ್ಯಾಂಕ್ ಕೊಟ್ಟ ಗ್ಯಾರಂಟಿಯ ಹಣ ಎಳ್ಕೊಳ್ತಾರೆ, ದುರಸ್ತಿ ಅವಧಿ ಮುಗಿದಿಲ್ಲ. ಹೀಗಿರುವಾಗ ಇಂತಿಂಥ ವರ್ಷ ಇಷ್ಟು ಕಂಪನಿ ಮುಚ್ಚಿದವು ಅಂತ ಬರೋ ಅಂಕಿ ನೋಡಿದ್ರೆ ನಗು ಬರುತ್ತೆ. ಅದು ತಿಥಿಯ ಪಟ್ಟಿ, ಸಾವಿನ ಪಟ್ಟಿಯಲ್ಲ.

ಹೊರನಾಡಿಗ:
ಪಾಯತೋಡು ಅಣ್ಣ, ನೀವು ಹೇಳಿದ ಮುಂಗಡದ ಆಟ ಸಣ್ಣವರದ್ದು ಮಾತ್ರ ಅಂದ್ಕೋಬೇಡಿ. ನಾನು ಪರದೇಶದಲ್ಲಿ ಕಾಮಗಾರಿ ಅಳತೆ, ಬಿಲ್ಲಿನ ಕೆಲಸ ಮಾಡ್ತೀನಿ. ಬ್ರಿಟನ್ನಿನ ಕರಿಲಿಯನ್ ಗೊತ್ತಿರಬೇಕು. ಆಸ್ಪತ್ರೆ, ರೈಲು, ಶಾಲೆ, ಎಲ್ಲದರಲ್ಲೂ ಇದ್ದ ಕಂಪನಿ, ಜಗತ್ತಿನಾದ್ಯಂತ 43 ಸಾವಿರ ನೌಕರರು. 2017ರ ಜುಲೈನಲ್ಲಿ 84.5 ಕೋಟಿ ಪೌಂಡ್ ನಷ್ಟ ಬರೆದುಕೊಳ್ಳಬೇಕು ಅಂತ ಹೇಳಿತು, 2018ರ ಜನವರಿ 15ಕ್ಕೆ ಮುಳುಗಿತು. ಮುಳುಗಿದ ದಿನ ಹೊಣೆ ಸುಮಾರು 700 ಕೋಟಿ ಪೌಂಡ್, ಕೈಯಲ್ಲಿದ್ದ ನಗದು 2.9 ಕೋಟಿ.

ಆಗ ಬ್ರಿಟನ್ನಿನಲ್ಲಿ ಆರ್ಥಿಕ ಹಿಂಜರಿತ ಇರಲಿಲ್ಲ. ಕಮ್ಮಿ ಬೆಲೆಗೆ ಕೆಲಸ ಹಿಡಿಯೋದು, ಹೊಸ ಕೆಲಸದ ಹಣದಲ್ಲಿ ಹಳೇದು ತುಂಬೋದು, ಕೈಕೆಳಗಿನ ಗುತ್ತಿಗೆದಾರರಿಗೆ 120 ದಿನದ ಗಡುವು ಹೇಳೋದು. ಆ ಬಾಕಿಯಲ್ಲಿ ಸಿಕ್ಕಿಹಾಕಿಕೊಂಡವರು ಸುಮಾರು 30 ಸಾವಿರ ಪೂರೈಕೆದಾರರು, ಗುತ್ತಿಗೆದಾರರು. ಅವರ ಪುಸ್ತಕ ಚೆನ್ನಾಗಿತ್ತು, ಕೆಲಸ ಮಾಡಿದ್ದರು, ಬಿಲ್ಲೂ ಹಾಕಿದ್ದರು. ಮೇಲಿನ ಒಂದು ಇಟ್ಟಿಗೆ ಜಾರಿತು ಅಷ್ಟೇ.

ಸೆಂಟ್ರಿಂಗ್_ರಾಜ:
120 ದಿನ! ನಮಗೂ ಹಂಗೇ ಹೇಳೋರು, ಮೇಲಿಂದ ಬಂದ್ರೆ ನಿಂಗೆ ಕೊಡ್ತೀನಿ ಅಂತ. ಮೇಲಿಂದ ಬಂತೋ ಇಲ್ವೋ ಯಾವನಿಗ್ ಗೊತ್ತು.

ಹೊರನಾಡಿಗ:
ಅದೇ ಮಾತನ್ನು ಬ್ರಿಟನ್ 1996ರ ಕಾಯ್ದೆಯಲ್ಲಿ ತಡೆಯಿತು ರಾಜಣ್ಣ. ಮೇಲಿನವರು ಕೊಟ್ಟರೆ ಮಾತ್ರ ಕೊಡ್ತೀನಿ ಅಂತ ಒಪ್ಪಂದದಲ್ಲಿ ಬರೆಯೋ ಹಾಗಿಲ್ಲ. ಒಂದು ವಿನಾಯಿತಿ ಮಾತ್ರ ಇಟ್ಟರು: ಮೇಲಿನವರು ದಿವಾಳಿಯಾದರೆ. ಅಂದರೆ ರಕ್ಷಣೆ ಬೇಕೇ ಬೇಕಾದ ದಿನ ರಕ್ಷಣೆ ಇಲ್ಲ.

ಸುಮ್ನೆ_ಓದುವವ:
ಕೋವಿಡ್ ಬಂದಾಗ ಎಲ್ಲ ನಿಂತೇ ಹೋಯ್ತಲ್ಲ, ಆಗ ಎಲ್ಲರೂ ಮುಚ್ಚಬೇಕಿತ್ತು ಹಾಗಾದ್ರೆ?

ಬಡ್ಡಿಲೆಕ್ಕ:
ಒಳ್ಳೆ ಪ್ರಶ್ನೆ. ಆಗಿದ್ದು ಉಲ್ಟಾ. 2020, 2021ರಲ್ಲಿ ಬಹಳ ದೇಶಗಳಲ್ಲಿ ದಿವಾಳಿಗಳು ಹಿಂದಿನ ವರ್ಷಗಳಿಗಿಂತ ಕಮ್ಮಿಯಾದವು. ಕಂತಿಗೆ ಬಿಡುವು, ಸರ್ಕಾರದ ಭರವಸೆಯ ಸಾಲ, ದಿವಾಳಿ ಅರ್ಜಿಗೆ ತಾತ್ಕಾಲಿಕ ತಡೆ. ಬಿಡುವು ಮುಗಿದ ಮೇಲೆ ಒಂದೊಂದೇ ಬೀಳತೊಡಗಿದವು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2023ರಲ್ಲಿ 4 ಸಾವಿರಕ್ಕೂ ಹೆಚ್ಚು ಕಟ್ಟಡ ಕಂಪನಿಗಳು ದಿವಾಳಿಯಾದವು, ಬೇರೆ ಯಾವ ವಲಯಕ್ಕಿಂತಲೂ ಹೆಚ್ಚು.

ಹೊರನಾಡಿಗ:
ಆಸ್ಟ್ರೇಲಿಯದ್ದು ಇನ್ನೂ ಸ್ವಾರಸ್ಯ. 2020ರಲ್ಲಿ ಮನೆ ಕಟ್ಟೋರಿಗೆ ಸರ್ಕಾರ ಸಹಾಯಧನ ಕೊಟ್ಟಿತು, ಉದ್ಯಮ ಉಳಿಯಲಿ ಅಂತ. ಜನ ಮುಗಿಬಿದ್ದರು. ಕಂಪನಿಗಳು ಸಾಲುಸಾಲು ಮನೆಗಳಿಗೆ ಬದಲಾಗದ ಬೆಲೆಗೆ ಒಪ್ಪಂದ ಮಾಡಿಕೊಂಡವು. ಆಮೇಲೆ ಮರ ಸಿಗಲಿಲ್ಲ, ಕಬ್ಬಿಣ ಏರಿತು, ಕೆಲಸಗಾರರಿಗೆ ಪೈಪೋಟಿ. ಮರದ ಬೆಲೆ ಎಷ್ಟು ಹುಚ್ಚಾಗಿತ್ತು ಅಂದರೆ ಅಮೆರಿಕದ ವಾಯಿದೆ ಪೇಟೆಯಲ್ಲಿ 2021ರ ಮೇನಲ್ಲಿ ಸಾವಿರ ಬೋರ್ಡ್ ಅಡಿಗೆ (ಮರ ಅಳೆಯೋ ಲೆಕ್ಕ) 1,600 ಡಾಲರ್ ದಾಟಿತ್ತು. ಸಹಿ ಹಾಕಿದ್ದು ಹಳೇ ಬೆಲೆಗೆ, ಕಟ್ಟಬೇಕಾದ್ದು ಹೊಸ ಬೆಲೆಗೆ. ಒಂದೊಂದು ಮನೆ ಕಟ್ಟಿದಾಗಲೂ ನಷ್ಟ. ಪೋರ್ಟರ್ ಡೇವಿಸ್ ಅನ್ನೋ ದೊಡ್ಡ ಕಂಪನಿ 2023ರ ಮಾರ್ಚ್ ಕೊನೆಗೆ ಬಿದ್ದಾಗ ಸುಮಾರು 1,700 ಮನೆಗಳು ಅರ್ಧಕ್ಕೇ ನಿಂತವು. ಕೆಲಸದ ಕೊರತೆಯಿಂದ ಬಿದ್ದದ್ದಲ್ಲ.

ಲೆಕ್ಕದಮ್ಮ:
ತೂಗುಗುಂಡು ಅವರೇ, ಇಲ್ಲೇ ನಿಮ್ಮ ಕಂಪನಿಯ ಕಥೆ ಸಿಗಬಹುದು ಅನ್ಸುತ್ತೆ. ಆ ಮೂರು ಟೆಂಡರ್‌ಗಳ ದರ ಹಾಕಿದ್ದು ಯಾವಾಗ? ಕೆಲಸ ಶುರುವಾಗಿದ್ದು ಯಾವಾಗ? ಬೆಲೆ ಏರಿದ್ರೆ ಹೆಚ್ಚಿಗೆ ಕೊಡ್ತೀವಿ ಅನ್ನೋ ಷರತ್ತು ಇತ್ತಾ? ನಿಮ್ಮ ಹತ್ರ ಹಳೇ ಎಸ್ಟಿಮೇಟ್ ಏನಾದ್ರೂ ಇದ್ರೆ ನೋಡಿ.

ತೂಗುಗುಂಡು:
ಹುಡುಕಿ ಹೇಳ್ತೀನಿ ಮೇಡಂ.

ಅರ್ಧಶಾಸ್ತ್ರಿ:
ಅವರು ಹುಡುಕುವಷ್ಟರಲ್ಲಿ ಒಂದು ವಾದ. ಹಿಂಜರಿತ ಒಂದು ರೀತಿಯ ಜರಡಿ, ಅಸಮರ್ಥ ಕಂಪನಿಗಳನ್ನು ಉದುರಿಸಿ ಸಮರ್ಥರನ್ನು ಉಳಿಸುತ್ತದೆ ಎಂಬ ಸಿದ್ಧಾಂತವಿದೆ. ಇಷ್ಟು ಕಷ್ಟದ ನಡುವೆ ಇದೊಂದಾದರೂ ಲಾಭ ಎನ್ನುತ್ತಾರೆ.

ಲೆಕ್ಕದಮ್ಮ:
ಸಾರ್, ಕ್ಷಮಿಸಿ, ಈ ಜರಡಿಯ ಮಾತು ಹೇಳಿದವರು ಒಂದು ಕಟ್ಟಡ ಕಂಪನಿಯ ಲೆಡ್ಜರ್ ನೋಡಿಲ್ಲ. ನಾನು ನೋಡಿದ ಹಾಗೆ ಉಳಿದವರು ಯಾರು? ಒಂದು, ಹಿರಿಯರ ಜಾಗ ಇದ್ದವರು, ಮಾರ್ಕೊಂಡು ಉಳಿದ್ರು. ಇನ್ನೊಂದು, ಕೈಕೆಳಗಿನವರಿಗೆ ಕೊಡದೆ ಎಳೆದವರು. ಹೋದವರು ಯಾರು? ಹಿಂಜರಿತಕ್ಕೆ ಆರು ತಿಂಗಳ ಮೊದಲು ಹೊಸದಾಗಿ ಕೆಲಸ ಹಿಡಿದು ದುಡ್ಡು ಸುರಿದವರು, ದೊಡ್ಡ ಕಂಪನಿಯೊಂದರ ಬಾಕಿಯಲ್ಲಿ ಸಿಕ್ಕಿಬಿದ್ದವರು. ಗೋಡೆ ನೇರ ಕಟ್ತಾನೋ ಇಲ್ವೋ ಅನ್ನೋದಕ್ಕೂ ಇದಕ್ಕೂ ಸಂಬಂಧ ಇರ್ಲಿಲ್ಲ.

ಪಾಯತೋಡು:
ಅಮ್ಮ ಹೇಳಿದ್ದು ನೂರಕ್ಕೆ ನೂರು. ನನಗಿಂತ ಕಳಪೆ ಕಟ್ಟೋನು ಇವತ್ತಿಗೂ ನಡೆಸ್ತಿದಾನೆ. (ಹೊಟ್ಟೆಕಿಚ್ಚು ಅಂತ ಬೇಕಾದ್ರೆ ಅಂದ್ಕೊಳ್ಳಿ.)

ಅರ್ಧಶಾಸ್ತ್ರಿ:
ಒಪ್ಪಿದೆ. ನನ್ನ ಸಿದ್ಧಾಂತದ ವಿರುದ್ಧ ನಾನೇ ಇನ್ನೆರಡು ಸಾಕ್ಷಿ ಕೊಡುತ್ತೇನೆ. ಜರ್ಮನಿಯ ಫಿಲಿಪ್ ಹೋಲ್ಜ್‌ಮನ್ 1849ರಲ್ಲಿ ಹುಟ್ಟಿದ ಕಂಪನಿ. ಎರಡು ವಿಶ್ವಯುದ್ಧ ದಾಟಿತ್ತು. ಜರ್ಮನಿ ಒಂದಾದ ಮೇಲೆ ಪೂರ್ವದಲ್ಲಿ ಕಟ್ಟಡದ ಸುಗ್ಗಿ ಎದ್ದು, ತೊಂಬತ್ತರ ದಶಕದ ನಡುವಿನಿಂದ ಇಳಿಯಿತು. 1999ರಲ್ಲಿ ಕಂಪನಿ ಮುಳುಗುವ ಹಂತಕ್ಕೆ ಬಂದಾಗ ಚಾನ್ಸಲರ್ ಶ್ರೋಡರ್ ಅವರೇ ಮಧ್ಯೆ ಬಂದು ಬ್ಯಾಂಕುಗಳನ್ನು ಒಪ್ಪಿಸಿದರು, ನೌಕರರು ಸಂಭ್ರಮಿಸಿದರು. 2002ರಲ್ಲಿ ಹೇಗೂ ಮುಳುಗಿತು. ಯುದ್ಧಗಳನ್ನು ದಾಟಿದ್ದು ಸುಗ್ಗಿಯನ್ನು ದಾಟಲಿಲ್ಲ.

ಇನ್ನೊಂದು ಐರ್ಲೆಂಡ್. 2006ರಲ್ಲಿ 90 ಸಾವಿರದ ಆಸುಪಾಸು ಮನೆಗಳು ಪೂರ್ತಿಯಾಗುತ್ತಿದ್ದ ಆ ಪುಟ್ಟ ದೇಶದಲ್ಲಿ 2013ರ ಹೊತ್ತಿಗೆ 10 ಸಾವಿರವೂ ಇಲ್ಲ. ಕಂಪನಿಗಳು ಮುಚ್ಚಿದವು, ಮರಗೆಲಸದವರು, ಗಾರೆಯವರು ದೇಶ ಬಿಟ್ಟರು, ಹೊಸ ಹುಡುಗರು ಕಸುಬು ಕಲಿಯಲಿಲ್ಲ. ಕೆಲವೇ ವರ್ಷಗಳಲ್ಲಿ ಮತ್ತೆ ಮನೆಗಳ ಬರ ಬಂತು. ಕಟ್ಟುವವರು ಯಾರು? ಕಂಪನಿ ನೋಂದಣಿಗೆ ಒಂದು ದಿನ ಸಾಕು, ಒಬ್ಬ ಮೇಸ್ತ್ರಿ ತಯಾರಾಗಲು ಹತ್ತು ವರ್ಷ ಬೇಕು. ಜರಡಿ ಹಿಡಿದವರು ಕಾಳನ್ನೂ ಚೆಲ್ಲಿದ್ದರು.

ತೂಗುಗುಂಡು:
ಎಸ್ಟಿಮೇಟ್ ಸಿಕ್ಕಿತು. ಹಳೇ ಲ್ಯಾಪ್‌ಟಾಪಿನಲ್ಲಿ ಒಂದರದ್ದು ಪೂರ್ತಿ ಇದೆ, ಇನ್ನೆರಡರದ್ದು ಅರ್ಧಂಬರ್ಧ.

ದರ ಹಾಕಿದ ತಾರೀಕು ನೋಡಿದೆ. ನಮಗೆ ಕೆಲಸವೇ ಇಲ್ಲದ ಮೂರನೇ ವರ್ಷದ ಕೊನೆ. ಕಬ್ಬಿಣದ ದರದ ಪಕ್ಕದಲ್ಲಿ ಮಾಲೀಕರ ಕೈಬರಹದ ಟಿಪ್ಪಣಿ ಸ್ಕ್ಯಾನ್ ಆಗಿದೆ: "ಇನ್ನೂ ಇಳಿಸಿ, ಕೆಲಸ ಬೇಕು." ನಮ್ಮ ಲೆಕ್ಕದಲ್ಲಿ ಹಾಕಿದ್ದ ಲಾಭದ ಪಾಲನ್ನು ಹೊಡೆದು ಅರ್ಧಕ್ಕಿಂತ ಕಮ್ಮಿ ಮಾಡಿದ್ದಾರೆ. ಟೆಂಡರ್ ತೆರೆದು ಕೆಲಸ ಒಪ್ಪಿಸೋಕೆ ಏಳು ತಿಂಗಳು ಹಿಡಿಯಿತು. ಜಾಗ ಕೈಗೆ ಸಿಗೋಕೆ ಮತ್ತೆ ನಾಲ್ಕು. ನಾವು ಮೊದಲ ಸ್ಲ್ಯಾಬಿಗೆ ಕಬ್ಬಿಣ ತರಿಸಿದಾಗ ಎಲ್ಲರಿಗೂ ಕೆಲಸ ಬಂದಿತ್ತು, ದರ ಎಸ್ಟಿಮೇಟಿಗಿಂತ ಮೂರನೇ ಒಂದು ಪಾಲು ಹೆಚ್ಚಾಗಿತ್ತು. ಕಬ್ಬಿಣ ಬಗ್ಗಿಸಿ ಕಟ್ಟೋ ತಂಡ ಹಳೇ ಕೂಲಿಗೆ ಬರಲಿಲ್ಲ. ಬೆಲೆ ಏರಿಕೆಯ ಷರತ್ತು ಹುಡುಕಿದೆ. ಇದೆ. "ಅನ್ವಯಿಸುವುದಿಲ್ಲ" ಅಂತ ಟೈಪ್ ಮಾಡಿದೆ.

ಆ ಕೈಬರಹ ನೋಡ್ತಾ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಅವರು ಕಳ್ಳರಲ್ಲ.

ಸುಮ್ನೆ_ಓದುವವ:
ನಾನು ಮೊದಲು ಬರೆದದ್ದಕ್ಕೆ ಕ್ಷಮೆ ಇರಲಿ.

ಬಡ್ಡಿಲೆಕ್ಕ:
ಹಾಗಾದರೆ ಆ ಕಂಪನಿ ಸತ್ತದ್ದು ಒಳ್ಳೆ ಕಾಲದಲ್ಲಿ ಅಲ್ಲ ತಮ್ಮಾ. ಕೆಟ್ಟ ಕಾಲದ ಬೆಲೆಯನ್ನು ಒಳ್ಳೆ ಕಾಲಕ್ಕೆ ಹೊತ್ತುಕೊಂಡು ಬಂತು. ಮೇಲೆ ಅಮ್ಮಾವ್ರ ಲೆಕ್ಕದ 70 ಬೇರೆ. ಬ್ಯಾಂಕು ಹಿಂದಿನ ಮೂರು ವರ್ಷದ ಲೆಕ್ಕಪತ್ರ ಕೇಳಿರುತ್ತೆ, ಮೂರೂ ನಷ್ಟ. ನಾನಾಗಿದ್ದರೂ ಮಿತಿ ಏರಿಸ್ತಿರಲಿಲ್ಲ.

ತೂಗುಗುಂಡು:
ಕೆಟ್ಟ ಕಾಲದಲ್ಲಿ ತೆರೆದ ನನ್ನ ಇಬ್ಬರು ಸ್ನೇಹಿತರು ಬದುಕಿದ್ದು ಹೇಗೆ ಅಂತ ಅವರನ್ನೇ ಕೇಳಿದೆ. ಒಬ್ಬ ಹೊಸ ಕಟ್ಟಡ ಮುಟ್ಟಲೇ ಇಲ್ಲ. ಸೋರೋ ಛಾವಣಿ, ಬಿರುಕು, ಹಳೇ ಪೈಪು, ಬರೀ ದುರಸ್ತಿ. ವಾರದ ಕೆಲಸ, ವಾರಕ್ಕೆ ಹಣ. ಇನ್ನೊಬ್ಬ ಸಾಮಗ್ರಿ ಕೊಡಲ್ಲ, ಕೂಲಿ ಗುತ್ತಿಗೆ ಮಾತ್ರ. ಕಬ್ಬಿಣದ ಬೆಲೆ ಏರಿದರೆ ಅದು ಮನೆ ಕಟ್ಟಿಸುವವರ ತಲೆನೋವು.

ಲೆಕ್ಕದಮ್ಮ:
ನೋಡಿ, ಇಬ್ಬರೂ ಓದದೇ ಕಲಿತಿದ್ದಾರೆ. ಜನ ಹೊಸದು ಕಟ್ಟೋದನ್ನ ಮುಂದೂಡ್ತಾರೆ, ಸೋರೋದನ್ನ ಮುಂದೂಡೋಕಾಗಲ್ಲ. ಬಡ್ಡಿ ಇಳಿಯೋವರೆಗೆ ಕಾಯ್ಬೇಕಾ ಅಂತ ಕೇಳಿದ್ರಿ. ನೀವು ಸಾಲ ಮಾಡದೆ ಶುರು ಮಾಡೋದಾದ್ರೆ ಬಡ್ಡಿ ನಿಮ್ಮ ತಲೆನೋವಲ್ಲ. ಸಾಲ ಮಾಡಿ ಶುರು ಮಾಡೋದಾದ್ರೆ ಬಡ್ಡಿ ಇಳಿದ ಮೇಲೆ ಇನ್ನೂ ನೂರು ಜನ ನಿಮ್ಮ ಜೊತೆ ಶುರು ಮಾಡಿರ್ತಾರೆ, ಆಗ ಕೂಲಿ ಏರುತ್ತೆ, ಟೆಂಡರ್ ದರ ಇಳಿಯುತ್ತೆ. ನಾನಾದ್ರೆ ಬಡ್ಡಿಗಿಂತ ಮೊದಲು ಇನ್ನೊಂದು ನೋಡ್ತೀನಿ, ಕೆಲಸ ಕೊಡೋನು ಹಿಂದಿನ ಗುತ್ತಿಗೆದಾರನಿಗೆ ಎಷ್ಟು ದಿನಕ್ಕೆ ಕೊಟ್ಟ ಅಂತ. ಅವನನ್ನಲ್ಲ, ಆ ಗುತ್ತಿಗೆದಾರನನ್ನೇ ಹುಡುಕಿ ಕೇಳ್ಬೇಕು.

ಪಾಯತೋಡು:
ಯಂತ್ರ ಮಾತ್ರ ತಗೋಬೇಡ ತಮ್ಮಾ. ನನ್ನವೆರಡನ್ನೂ ಹರಾಜಲ್ಲಿ ಯಾರು ತಗೊಂಡ್ರು ಅಂತ ಗೊತ್ತಾ? ಯಾವ ಬಾಡಿಗೆಯವನಿಂದ ಬಿಡಿಸ್ಕೋಬೇಕು ಅಂತ ಕೊಂಡಿದ್ನೋ, ಅವನೇ.

ತೂಗುಗುಂಡು:
ಹಳೇ ಕಂಪನಿಗೆ ಕೆಲಸ ಕೊಟ್ಟಿದ್ದ ಒಬ್ಬರು ನೆಲಮಾಳಿಗೆಯ ಸೋರಿಕೆ ಸರಿ ಮಾಡಿಕೊಡಿ ಅಂತ ಕೇಳಿದ್ದಾರೆ. ನಾಲ್ಕು ವಾರದ ಕೆಲಸ. ಮೂರು ಕಂತಲ್ಲಿ ಹಣ, ಮೊದಲನೆಯದು ಮುಂಗಡ ಅಂತ ಕಾಗದದಲ್ಲಿ ಬರೆಸಿಕೊಂಡೆ. ರಿಟೆನ್ಷನ್ ನೂರಕ್ಕೆ 10 ಅಂದರು, ನಾನು 5 ಅಂದೆ, ಸೋಮವಾರ ಮಾತಾಡೋಣ ಅಂದಿದ್ದಾರೆ. ಒಂದು ಕಡೆ ಸ್ಲ್ಯಾಬ್ ಒಡೆದು ಮತ್ತೆ ಹಾಕಬೇಕಾಗಬಹುದು. ರಾಜಣ್ಣ, ಶೀಟು, ಜಾಕಿ ಬಾಡಿಗೆಗೆ ಸಿಗುತ್ತಾ?

ಸೆಂಟ್ರಿಂಗ್_ರಾಜ:
ಸಿಗುತ್ತೆ ಸಾರ್, ನಿಮಗಿಲ್ದೆ ಇನ್ಯಾರಿಗೆ. ಆದ್ರೆ ಇಷ್ಟೆಲ್ಲ ಓದಿದ ಮೇಲೆ ನಾನೂ ಬುದ್ಧಿವಂತ ಆಗಿದೀನಿ. ಬಾಡಿಗೆ ಮುಂಗಡ.